ಕರಾರುವಾಕ್ಕಾದ ತಪ್ಪು

ತೂಕ ನೋಡುವ ಮಷೀನ್ ಮೇಲೆ ನಿಲ್ಲುತ್ತೀರಿ. 64.3 ಕಿಲೋ ಅಂತ ತೋರಿಸುತ್ತದೆ. ಇಳಿದು ಮತ್ತೆ ಹತ್ತುತ್ತೀರಿ. ಮತ್ತೆ 64.3. ಇನ್ನೊಂದು ಸಲ ನೋಡಿದರೂ ಅದೇ 64.3. ಮಷೀನ್ ಚೆನ್ನಾಗಿದೆ ಅಂತ ಮನಸ್ಸಿಗೆ ಸಮಾಧಾನ ಆಗುತ್ತದೆ, ಅಲ್ವಾ? ಆದರೆ ನಿಮ್ಮ ನಿಜವಾದ ತೂಕ 66 ಕಿಲೋ ಇರಬಹುದು. ಆ ಮಷೀನ್ ಪ್ರತಿ ಸಲವೂ ಒಂದೇ ತಪ್ಪನ್ನು ಒಂದೇ ರೀತಿ ಮಾಡುತ್ತಿರಬಹುದು. ನೂರು ಸಲ ಹತ್ತಿ ಇಳಿದರೂ ಅದು ನಿಮಗೆ ಗೊತ್ತಾಗುವುದಿಲ್ಲ.

ಈ ಮಷೀನಿನ ಬಗ್ಗೆ ಇಂಗ್ಲಿಷ್‌ನಲ್ಲಿ ಸರಿಯಾಗಿ ಹೇಳಬೇಕಾದರೆ ಎರಡು ಪದ ಬೇಕು. ಅದು ಪ್ರಿಸೈಸ್ ಹೌದು, ಅಕ್ಯುರೇಟ್ ಅಲ್ಲ. ಅಳತೆ ನಿಜಕ್ಕೆ ಎಷ್ಟು ಹತ್ತಿರ ಇದೆ ಅನ್ನುವುದು ಅಕ್ಯುರಸಿ. ಮತ್ತೆ ಮತ್ತೆ ಅಳೆದಾಗ ಬಂದ ಉತ್ತರಗಳು ಒಂದಕ್ಕೊಂದು ಎಷ್ಟು ಹತ್ತಿರ ಇವೆ ಅನ್ನುವುದು ಪ್ರಿಸಿಷನ್. ಪ್ರಿಸಿಷನ್‌ಗೆ ಇನ್ನೊಂದು ಬಳಕೆಯೂ ಇದೆ. ಎಷ್ಟು ಸಣ್ಣ ವಿವರದವರೆಗೆ ಇಳಿದು ಹೇಳುತ್ತೀರಿ ಅನ್ನುವುದಕ್ಕೂ ಅದೇ ಪದ. 'ಸಂಜೆ ಬರ್ತೀನಿ' ಅನ್ನುವ ಮಾತಿಗಿಂತ '6 ಗಂಟೆ 10 ನಿಮಿಷಕ್ಕೆ ಬರ್ತೀನಿ' ಅನ್ನುವ ಮಾತು ಜಾಸ್ತಿ ಪ್ರಿಸೈಸ್. ಆದರೆ ಇಬ್ಬರೂ ಬಂದಿದ್ದು 7 ಗಂಟೆಗಾದರೆ, 'ಸಂಜೆ' ಅಂದವರ ಮಾತೇ ಅಕ್ಯುರೇಟ್.

ಕನ್ನಡದಲ್ಲಿ ನಾವು ಎರಡಕ್ಕೂ 'ನಿಖರ' ಅಂದುಬಿಡುತ್ತೇವೆ. ಇಂಗ್ಲಿಷ್ ಮಾತಾಡುವವರೂ ದಿನದ ಮಾತಿನಲ್ಲಿ ಒಂದರ ಜಾಗದಲ್ಲಿ ಇನ್ನೊಂದನ್ನು ಧಾರಾಳವಾಗಿ ಬಳಸುತ್ತಾರೆ. ಹಾಗಾಗಿ ಇದು ಬರೀ ಪದಕೋಶದ ಸಮಸ್ಯೆ ಅಲ್ಲ. ಈ ಎರಡು ಗುಣ ನಮ್ಮ ತಲೆಯಲ್ಲೇ ಒಂದಕ್ಕೊಂದು ಅಂಟಿಕೊಂಡಿವೆ. ಒಂದನ್ನು ಕಂಡ ಕೂಡಲೇ ಇನ್ನೊಂದೂ ಇದೆ ಅಂತ ನಂಬಿಬಿಡುತ್ತೇವೆ. ಈ ಅಂಟನ್ನು ಬಿಡಿಸುವುದು ತುಂಬ ಮುಖ್ಯ ಅಂತ ನನಗೆ ಅನಿಸುತ್ತದೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಎರಡೂ ಲ್ಯಾಟಿನ್‌ನಿಂದ ಬಂದ ಪದಗಳು. ಪ್ರಿಸೈಸ್‌ನ ಮೂಲದಲ್ಲಿ ಇರುವುದು ಕತ್ತರಿಸುವ ಕೆಲಸ. ಹೆಚ್ಚಾದದ್ದನ್ನು ಕತ್ತರಿಸಿ ಮೊಟಕು ಮಾಡುವುದು. ಮಾತು ಗೆರೆ ಕೊರೆದ ಹಾಗಿತ್ತು ಅಂತ ನಾವು ಹೇಳುತ್ತೇವಲ್ಲ, ಹೆಚ್ಚುಕಮ್ಮಿ ಅದೇ ಭಾವ. ಅಕ್ಯುರೇಟ್‌ನ ಮೂಲದಲ್ಲಿ ಇರುವುದು ಕಾಳಜಿ. ಒಂದು ಕೆಲಸದ ಮೇಲೆ ನಿಗಾ ಇಟ್ಟು ಮಾಡುವುದು. ಒಂದು ಪದ ಅಂಚನ್ನು ನೋಡುತ್ತದೆ, ಇನ್ನೊಂದು ಗಮನವನ್ನು.

ಬಳಕೆಯಲ್ಲೂ ಈ ಜಾಡು ಉಳಿದಿದೆ. ಯಾರಾದರೂ ನಿಮ್ಮ ಮನಸ್ಸಿನ ಮಾತನ್ನೇ ಹೇಳಿದರೆ ಇಂಗ್ಲಿಷ್‌ನಲ್ಲಿ 'ಪ್ರಿಸೈಸ್ಲಿ' ಅಂತ ತಲೆಯಾಡಿಸಬಹುದು. 'ಅಕ್ಯುರೇಟ್ಲಿ' ಅಂತ ಯಾರೂ ಅನ್ನುವುದಿಲ್ಲ. ಒಂದು ಕ್ಷಣವನ್ನು ಬೊಟ್ಟು ಮಾಡಿ ತೋರಿಸುವಾಗ 'ದಟ್ ಪ್ರಿಸೈಸ್ ಮೊಮೆಂಟ್' ಅನ್ನುತ್ತಾರೆ. ಕ್ಷಣ ಅಕ್ಯುರೇಟ್ ಆಗುವುದಿಲ್ಲ, ಏಕೆಂದರೆ ಕ್ಷಣವನ್ನು ಹೋಲಿಸಿ ನೋಡಲು ಬೇರೆ ಏನೂ ಇಲ್ಲ. ಅನುವಾದ ಅಕ್ಯುರೇಟ್ ಆಗಬಹುದು, ಪಕ್ಕದಲ್ಲಿ ಇಟ್ಟು ನೋಡಲು ಮೂಲ ಇದೆ. ಹವಾಮಾನದ ಮುನ್ಸೂಚನೆ ಅಕ್ಯುರೇಟ್ ಆಗಬಹುದು, ನಾಳೆ ಬಂದೇ ಬರುತ್ತದೆ. ಒಪ್ಪಂದದ ಭಾಷೆ ಪ್ರಿಸೈಸ್ ಆಗಿರಬೇಕು, ಎರಡು ಅರ್ಥಕ್ಕೆ ಜಾಗ ಇರಬಾರದು. ಗಮನಿಸಿ ನೋಡಿ. ಅಕ್ಯುರೇಟ್ ಅನ್ನಬೇಕಾದರೆ ಹೊರಗೆ ಏನೋ ಒಂದು ಇರಲೇಬೇಕು. ಪ್ರಿಸೈಸ್ ಅನ್ನುವುದಕ್ಕೆ ಅದರ ಹಂಗು ಇಲ್ಲ. ನಾನು ಹೇಳಬೇಕಾಗಿರುವ ಮಾತೆಲ್ಲ ಈ ಒಂದು ವ್ಯತ್ಯಾಸದಲ್ಲೇ ಇದೆ.

ಈ ವಿಷಯ ಕಲಿಸುವಾಗ ಎಲ್ಲ ಕಡೆ ಒಂದು ಚಿತ್ರ ತೋರಿಸುತ್ತಾರೆ. ಗುರಿ ಹಲಗೆಯ ಚಿತ್ರ. ನಡುವೆ ಚುಕ್ಕಿ, ಸುತ್ತ ವೃತ್ತಗಳು. ಬಾಣಗಳೆಲ್ಲ ಒಂದೇ ಮೂಲೆಯಲ್ಲಿ ಗುಂಪಾಗಿ ನಾಟಿದ್ದರೆ ಪ್ರಿಸೈಸ್, ಆದರೆ ಅಕ್ಯುರೇಟ್ ಅಲ್ಲ. ಚುಕ್ಕಿಯ ಸುತ್ತ ಚದುರಿದ್ದರೆ ಅಕ್ಯುರೇಟ್, ಆದರೆ ಪ್ರಿಸೈಸ್ ಅಲ್ಲ. ಚಿತ್ರ ಸುಲಭ, ಒಂದು ನೋಟಕ್ಕೆ ಅರ್ಥವಾಗುತ್ತದೆ. ಆದರೆ ಅದು ಒಂದು ದೊಡ್ಡ ವಿಷಯವನ್ನು ಮುಚ್ಚಿಡುತ್ತದೆ. ಆ ಚಿತ್ರದಲ್ಲಿ ನಡುವಿನ ಚುಕ್ಕಿ ನಮಗೆ ಕಾಣುತ್ತಿರುತ್ತದೆ. ನಿಜವಾಗಿ ಅಳೆಯುವಾಗ ಅದು ಕಾಣುವುದಿಲ್ಲ. ಚುಕ್ಕಿ ಎಲ್ಲಿದೆ ಅಂತ ಗೊತ್ತಿದ್ದರೆ ಅಳೆಯುವ ಅಗತ್ಯವೇ ಇರುತ್ತಿರಲಿಲ್ಲ. ಅದೇ ಚಿತ್ರದಿಂದ ಚುಕ್ಕಿ, ವೃತ್ತ ಎಲ್ಲ ಅಳಿಸಿ ಬಾಣಗಳನ್ನು ಮಾತ್ರ ಬಿಡಿ. ಈಗ ಯಾವುದು ಒಳ್ಳೆಯ ಗುರಿ ಅಂತ ಕೇಳಿದರೆ ಎಲ್ಲರೂ ಗುಂಪಾಗಿ ನಾಟಿರುವ ಬಾಣಗಳ ಕಡೆಗೇ ಕೈ ತೋರಿಸುತ್ತಾರೆ. ಕಣ್ಣಿಗೆ ಕಾಣುವುದು ಅದೊಂದೇ. ಪ್ರಿಸಿಷನ್ ಅಂಕಿಗಳ ಒಳಗೇ ಕಾಣುತ್ತದೆ. ಅಕ್ಯುರಸಿ ಆ ಅಂಕಿಗಳಲ್ಲಿ ಎಲ್ಲೂ ಕಾಣುವುದಿಲ್ಲ.

ಹಬಲ್ ಟೆಲಿಸ್ಕೋಪಿನ ಕಥೆ ಬಹಳ ಜನರಿಗೆ ಗೊತ್ತು. 1990ರ ಏಪ್ರಿಲ್‌ನಲ್ಲಿ ಅದನ್ನು ಕಕ್ಷೆಗೆ ಬಿಟ್ಟರು. ಚಿತ್ರಗಳು ಮಸುಕಾಗಿ ಬಂದವು. ಕನ್ನಡಿಯ ಆಕಾರ ತಪ್ಪಾಗಿತ್ತು. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಆದರೆ ಅದು ಯಾವ ತರಹದ ತಪ್ಪು ಅನ್ನುವುದನ್ನು ಹತ್ತಿರದಿಂದ ನೋಡಬೇಕು.

2.4 ಮೀಟರ್ ಅಗಲದ ಆ ಕನ್ನಡಿಯನ್ನು ಒರಟಾಗಿ ಉಜ್ಜಿರಲಿಲ್ಲ. ಅಲ್ಲಿಯವರೆಗೆ ಮನುಷ್ಯರು ಉಜ್ಜಿದ ಕನ್ನಡಿಗಳಲ್ಲೇ ಅತ್ಯಂತ ನಯವಾದವುಗಳ ಸಾಲಿಗೆ ಅದು ಸೇರುತ್ತಿತ್ತು. ಯಾವ ವಕ್ರರೇಖೆಗೆ ತಕ್ಕಂತೆ ಉಜ್ಜಲು ಹೊರಟರೋ ಅದಕ್ಕೆ ಸುಮಾರು 10 ನ್ಯಾನೋಮೀಟರ್ ಒಳಗೆ ಹೊಂದುವ ಹಾಗೆ ಉಜ್ಜಿದ್ದರು. ಆ ವಕ್ರರೇಖೆಯೇ ತಪ್ಪಾಗಿತ್ತು. ಕನ್ನಡಿಯ ಅಂಚು ಇರಬೇಕಾದ್ದಕ್ಕಿಂತ ಸುಮಾರು 2.2 ಮೈಕ್ರೋಮೀಟರ್‌ನಷ್ಟು ಜಾಸ್ತಿ ಚಪ್ಪಟೆಯಾಗಿತ್ತು. ಕೂದಲೆಳೆಯ ದಪ್ಪಕ್ಕೆ ಹೋಲಿಸಿದರೆ ಅದು ಏನೂ ಅಲ್ಲ. ಬೆಳಕಿನ ಅಲೆಗೆ ಹೋಲಿಸಿದರೆ ತುಂಬ ದೊಡ್ಡದು.

ತಪ್ಪು ಎಲ್ಲಿಂದ ಬಂತು? ಕನ್ನಡಿ ಎಷ್ಟು ಸರಿಯಾಗಿದೆ ಅಂತ ಪರೀಕ್ಷಿಸುವ ಒಂದು ಉಪಕರಣ ಇತ್ತು. ಅದಕ್ಕೆ ನಲ್ ಕರೆಕ್ಟರ್ ಅಂತ ಹೆಸರು. ಅದರೊಳಗೆ ಒಂದು ಮಸೂರವನ್ನು ನಿರ್ದಿಷ್ಟ ದೂರದಲ್ಲಿ ಕೂರಿಸಬೇಕಿತ್ತು. ದೂರ ಅಳೆಯಲು ಒಂದು ಲೋಹದ ಕಡ್ಡಿ ಬಳಸಿದರು. ಕಡ್ಡಿಯ ತುದಿಗೆ ಒಂದು ಟೋಪಿ, ಟೋಪಿಯ ನಡುವೆ ಸಣ್ಣ ತೂತು. ಆ ತೂತಿನ ಮೂಲಕ ಹೋದ ಬೆಳಕು ಕಡ್ಡಿಯ ತುದಿಗೆ ಬಡಿದು ವಾಪಸ್ ಬರಬೇಕು. ಬೇರೆ ಕಡೆಯಿಂದ ಬೆಳಕು ಹಿಂತಿರುಗದಿರಲಿ ಅಂತಲೇ ಟೋಪಿಗೆ ಬಣ್ಣದಂಥ ಲೇಪ ಹಾಕಿದ್ದರು. ಲೇಪ ಒಂದು ಕಡೆ ಎದ್ದು ಹೋಗಿತ್ತು. ಬೆಳಕು ಕಡ್ಡಿಯ ತುದಿಯ ಬದಲು ಟೋಪಿಯಿಂದಲೇ ಹಿಂತಿರುಗಿತು. ಇದರಿಂದ ಮಸೂರ 1.3 ಮಿಲಿಮೀಟರ್ ಆಚೆ ಕೂತಿತು. ಆಮೇಲೆ ಮಾಡಿದ ಪ್ರತಿಯೊಂದು ಪರೀಕ್ಷೆಯೂ ಈ ತಪ್ಪು ಉಪಕರಣವನ್ನೇ ಕೇಳುತ್ತಿತ್ತು. ಅದು ಪ್ರತಿ ಸಲವೂ ಒಂದೇ ಉತ್ತರ ಕೊಡುತ್ತಿತ್ತು: ಇನ್ನೂ ಸ್ವಲ್ಪ ಉಜ್ಜಿ, ಸರಿಹೋಗುತ್ತಿದೆ.

ನನ್ನ ಮನಸ್ಸನ್ನು ಹೆಚ್ಚು ಕಲಕುವುದು ಇದಾದ ಮೇಲಿನ ಭಾಗ. ಕನ್ನಡಿ ಇನ್ನೂ ನೆಲದ ಮೇಲೆ ಇದ್ದಾಗಲೇ ಬೇರೆ ಎರಡು ಪರೀಕ್ಷಾ ಸಾಧನಗಳು ಏನೋ ಸರಿಯಿಲ್ಲ ಅಂತ ತೋರಿಸಿದ್ದವು. ಅವು ಅಷ್ಟು ನಾಜೂಕಾದ ಸಾಧನಗಳಲ್ಲ. ಅವುಗಳ ಪ್ರಿಸಿಷನ್ ಕಡಿಮೆ ಅಂತ ಎಲ್ಲರಿಗೂ ಗೊತ್ತಿತ್ತು. ಹಾಗಾಗಿ ಅವುಗಳ ಮಾತನ್ನು ಪಕ್ಕಕ್ಕಿಟ್ಟರು. ಅಷ್ಟು ಒಳ್ಳೆಯ ಉಪಕರಣ ಒಂದು ಹೇಳುತ್ತಿರುವಾಗ ಈ ಒರಟು ಸಾಧನಗಳನ್ನು ಯಾರು ನಂಬುತ್ತಾರೆ? ಆದರೆ ಸರಿ ಹೇಳಿದ್ದು ಒರಟು ಸಾಧನಗಳೇ. ತನಿಖೆ ಮಾಡಿದ ಲೂ ಆಲನ್ ಸಮಿತಿ 1990ರ ನವೆಂಬರ್‌ನಲ್ಲಿ ಕೊಟ್ಟ ವರದಿಯಲ್ಲಿ ಇದೆಲ್ಲ ಇದೆ. ಮೂರು ಬಾಯಿಗಳಲ್ಲಿ ಎರಡು ಬೇರೆ ಮಾತು ಹೇಳಿದಾಗ ಕೇಳಬೇಕಾಗಿದ್ದ ಪ್ರಶ್ನೆ 'ಯಾರ ದನಿ ಸ್ಪಷ್ಟವಾಗಿದೆ' ಅನ್ನುವುದಲ್ಲ, 'ಯಾಕೆ ಹೊಂದುತ್ತಿಲ್ಲ' ಅನ್ನುವುದು.

ಇದಕ್ಕೆ ಎದುರಾದ ಒಂದು ಘಟನೆಯೂ ಇದೆ. 2011ರ ಸೆಪ್ಟೆಂಬರ್‌ನಲ್ಲಿ ಒಪೆರಾ ಎಂಬ ಪ್ರಯೋಗದ ವಿಜ್ಞಾನಿಗಳು ಒಂದು ಫಲಿತಾಂಶ ಪ್ರಕಟಿಸಿದರು. ಜಿನೀವಾ ಬಳಿಯ ಭೌತವಿಜ್ಞಾನ ಪ್ರಯೋಗಾಲಯ ಸರ್ನ್‌ನಿಂದ ಇಟಲಿಯ ಗ್ರಾನ್ ಸಾಸೋ ಪ್ರಯೋಗಾಲಯಕ್ಕೆ, ಸುಮಾರು 730 ಕಿಲೋಮೀಟರ್ ದೂರ ಹೋದ ನ್ಯೂಟ್ರಿನೊ ಎಂಬ ಅತಿ ಸಣ್ಣ ಕಣಗಳು ಬೆಳಕಿಗಿಂತ ಸುಮಾರು 60 ನ್ಯಾನೋಸೆಕೆಂಡ್ ಮೊದಲೇ ತಲುಪಿದವು ಅಂತ. ಬೆಳಕಿಗಿಂತ ವೇಗವಾಗಿ ಏನೂ ಹೋಗಲಾರದು ಅನ್ನುವುದು ಐನ್‌ಸ್ಟೈನ್ ಹೇಳಿದ ಮಾತು. ಈ ಫಲಿತಾಂಶದ ಹಿಂದೆ ಸಾವಿರಾರು ನ್ಯೂಟ್ರಿನೊಗಳ ಲೆಕ್ಕ ಇತ್ತು. ಅವರು ಅಂದಾಜು ಮಾಡಿದ್ದ ಅನಿಶ್ಚಿತತೆ ಸುಮಾರು 10 ನ್ಯಾನೋಸೆಕೆಂಡ್ ಮಾತ್ರ. ಅಂಕಿಗಳು ಗುಂಪಾಗಿ, ಅಚ್ಚುಕಟ್ಟಾಗಿ ಕೂತಿದ್ದವು. ಆದರೂ ಅವರು ಐನ್‌ಸ್ಟೈನ್ ತಪ್ಪು ಅಂತ ಸಾರಲಿಲ್ಲ. ನಮಗೆ ತಪ್ಪು ಸಿಗುತ್ತಿಲ್ಲ, ಹೊರಗಿನವರು ನೋಡಿ ಅಂತ ಕೇಳಿಕೊಂಡರು. ಕೆಲವು ತಿಂಗಳಲ್ಲಿ ಕಾರಣ ಸಿಕ್ಕಿತು. ಮುಖ್ಯವಾಗಿ, ಸರಿಯಾಗಿ ಬಿಗಿಯದ ಒಂದು ಫೈಬರ್ ಕೇಬಲ್. ಗ್ರಾನ್ ಸಾಸೋದಲ್ಲೇ ಇದ್ದ ಇಕಾರಸ್ ಎಂಬ ಇನ್ನೊಂದು ಪ್ರಯೋಗ 2012ರಲ್ಲಿ ಅಳೆದಾಗ ನ್ಯೂಟ್ರಿನೊಗಳ ವೇಗ ಬೆಳಕಿನ ವೇಗಕ್ಕೆ ಹೊಂದಿಕೊಂಡಿತು. ಬಹಳ ಜನ ಇದನ್ನು ವಿಜ್ಞಾನಕ್ಕೆ ಆದ ಮುಜುಗರ ಅಂತ ನೋಡುತ್ತಾರೆ. ನನಗೆ ಹಾಗೆ ಅನಿಸುವುದಿಲ್ಲ. ತಮ್ಮ ಅಂಕಿಗಳು ಅಷ್ಟು ಚೆನ್ನಾಗಿ ಹೊಂದಿಕೊಂಡಿದ್ದಾಗಲೂ ಹೊರಗಿನ ಕಣ್ಣು ಬೇಕು ಅಂದರಲ್ಲ, ಅದಕ್ಕೆ ಗೌರವ ಕೊಡಬೇಕು.

ಗಣಿತದಲ್ಲೂ ಹೀಗಾಗಿದೆ. ವಿಲಿಯಂ ಶ್ಯಾಂಕ್ಸ್ ಎಂಬಾತ ಪೈ ಬೆಲೆಯನ್ನು ಕೈಯಲ್ಲೇ ಲೆಕ್ಕ ಮಾಡಿ 1873ರಲ್ಲಿ 707 ದಶಮಾಂಶ ಸ್ಥಾನಗಳವರೆಗೆ ಪ್ರಕಟಿಸಿದ. 527ರವರೆಗೆ ಸರಿ, ಮುಂದಿನವು ತಪ್ಪು. ಸುಮಾರು 70 ವರ್ಷ ಯಾರಿಗೂ ಗೊತ್ತಾಗಲಿಲ್ಲ. 1940ರ ದಶಕದಲ್ಲಿ ಡಿ. ಎಫ್. ಫರ್ಗ್ಯೂಸನ್ ಬೇರೊಂದು ಸೂತ್ರ ಹಿಡಿದು ಲೆಕ್ಕ ಮಾಡಿದಾಗ ಎರಡೂ ಹೊಂದಲಿಲ್ಲ, ತಪ್ಪು ಬಯಲಾಯಿತು. ಅದೇ ದಾರಿಯಲ್ಲಿ ಎರಡನೇ ಸಲ ನಡೆದವರು ಅದೇ ಗುಂಡಿಗೆ ಮತ್ತೆ ಬೀಳುವ ಸಂಭವ ಜಾಸ್ತಿ. ಬೇರೆ ದಾರಿಯಿಂದ ಬಂದವರಿಗೆ ಗುಂಡಿ ಕಾಣುತ್ತದೆ.

ಹೊರಗೆ ಹೋಲಿಸಲು ಏನೂ ಇಲ್ಲದಿದ್ದರೆ ಏನಾಗುತ್ತದೆ? ಕಿಲೋಗ್ರಾಮ್‌ಗೆ ಅದೇ ಸ್ಥಿತಿ ಬಂದಿತ್ತು. 1889ರಿಂದ 2019ರವರೆಗೆ ಕಿಲೋಗ್ರಾಮ್ ಅಂದರೆ ಪ್ಯಾರಿಸ್ ಹತ್ತಿರದ ಸೆವ್ರ್‌ನಲ್ಲಿ ಬೀಗ ಹಾಕಿ ಇಟ್ಟಿದ್ದ ಪ್ಲಾಟಿನಂ ಮತ್ತು ಇರಿಡಿಯಂ ಮಿಶ್ರಲೋಹದ ಒಂದು ಸಿಲಿಂಡರ್. ಅದರ ತೂಕ ಎಷ್ಟೋ ಅದೇ ಒಂದು ಕಿಲೋ. ಅದರ ಜೊತೆಗೆ ಮಾಡಿದ ಪ್ರತಿಗಳೂ ಇದ್ದವು. ನೂರು ವರ್ಷದ ನಂತರ ಹೋಲಿಸಿ ನೋಡಿದಾಗ ಮೂಲಕ್ಕೂ ಪ್ರತಿಗಳಿಗೂ ಸುಮಾರು 50 ಮೈಕ್ರೋಗ್ರಾಮ್‌ನಷ್ಟು ವ್ಯತ್ಯಾಸ ಕಂಡಿತು. ಹೋಲಿಕೆ ಅತ್ಯಂತ ಪ್ರಿಸೈಸ್ ಆಗಿತ್ತು, ಅದರಲ್ಲಿ ಅನುಮಾನ ಇರಲಿಲ್ಲ. ಆದರೆ ಮೂಲ ಹಗುರಾಯಿತೋ ಪ್ರತಿಗಳು ಭಾರವಾದವೋ ಅಂತ ಹೇಳಲು ದಾರಿಯೇ ಇರಲಿಲ್ಲ. ಮೂಲವೇ ಅಳತೆಗೋಲು. ಅದು ಬದಲಾದರೂ ವ್ಯಾಖ್ಯೆಯ ಪ್ರಕಾರ ಅದು ಒಂದು ಕಿಲೋನೇ. ಕೊನೆಗೆ 2019ರ ಮೇ 20ರಿಂದ ಕಿಲೋಗ್ರಾಮ್ ಅನ್ನು ಪ್ಲ್ಯಾಂಕ್ ಸ್ಥಿರಾಂಕದ, ಅಂದರೆ ಪ್ರಕೃತಿಯಲ್ಲಿ ಎಂದೂ ಬದಲಾಗದ ಒಂದು ಬೆಲೆಯ ಮೂಲಕ ವಿವರಿಸಲು ಶುರು ಮಾಡಿದರು. ಪೆಟ್ಟಿಗೆಯಲ್ಲಿಟ್ಟ ವಸ್ತುವಿನ ಮೇಲೆ ನಂಬಿಕೆ ಇಡುವ ಕಾಲ ಮುಗಿಯಿತು.

ಇನ್ನು ಸಣ್ಣ ವಿವರದ ವಿಷಯ. ದಶಮಾಂಶ ಬಿಂದುವಿನ ನಂತರ ಎಷ್ಟು ಅಂಕಿ ಇವೆ ಅನ್ನುವುದು ಸತ್ಯದ ಗುರುತಲ್ಲ. 22ನ್ನು 7ರಿಂದ ಭಾಗಿಸಿ 3.142857 ಅಂತ ಬರೆಯಬಹುದು. ಬರೀ 3.142 ಅಂತ ಬರೆದವರು ಪೈಗೆ ಅದಕ್ಕಿಂತ ಹತ್ತಿರ ಇರುತ್ತಾರೆ. ಅಂಕಿ ಕಡಿಮೆ, ನಿಜ ಜಾಸ್ತಿ.

ಮೈ ಬಿಸಿಯ 98.6 ಡಿಗ್ರಿ ಫ್ಯಾರನ್‌ಹೀಟ್ ಕೂಡ ಇದೇ ಜಾತಿ. ಜರ್ಮನಿಯ ವೈದ್ಯ ಕಾರ್ಲ್ ವುಂಡರ್‌ಲಿಶ್ ಸಾವಿರಾರು ರೋಗಿಗಳ ಜ್ವರ ನೋಡಿ 1868ರಲ್ಲಿ ಪ್ರಕಟಿಸಿದ ಪುಸ್ತಕದಿಂದ ಹರಡಿದ ಅಂಕಿ 37 ಡಿಗ್ರಿ ಸೆಲ್ಸಿಯಸ್. ಇದು ಒಂದು ದುಂಡು ಸಂಖ್ಯೆ. ಇದನ್ನು ಫ್ಯಾರನ್‌ಹೀಟ್‌ಗೆ ಬದಲಿಸಿದಾಗ 98.6 ಆಯಿತು. ಆ '.6' ಯಾರೂ ಅಳೆದು ತಂದದ್ದಲ್ಲ, ಗುಣಾಕಾರದಿಂದ ಹುಟ್ಟಿದ್ದು. 37 ಅಂದರೆ 'ಸುಮಾರು' ಅಂತ ಕೇಳಿಸುತ್ತದೆ. 98.6 ಅಂದರೆ ಗಡಿರೇಖೆ ಅಂತ ಕೇಳಿಸುತ್ತದೆ. 1992ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಆರೋಗ್ಯವಂತರ ಸರಾಸರಿ 98.2 ಬಂತು. ಮನುಷ್ಯರ ಮೈ ಬಿಸಿ ಬೆಳಗ್ಗೆ ಒಂದು, ಸಂಜೆ ಒಂದು ಇರುತ್ತದೆ. ಒಬ್ಬರಿಂದ ಒಬ್ಬರಿಗೂ ಬೇರೆ. ಆದರೂ ಥರ್ಮಾಮೀಟರ್ 98.9 ತೋರಿಸಿದರೆ ಎಷ್ಟೋ ಜನ ಗಾಬರಿಯಾಗುತ್ತಾರೆ.

ಎವರೆಸ್ಟ್ ಎತ್ತರದ ಬಗ್ಗೆ ಒಂದು ಕಥೆ ಪ್ರಚಲಿತವಾಗಿದೆ. 1856ರಲ್ಲಿ ಪ್ರಕಟವಾದ ಎತ್ತರ 29,002 ಅಡಿ. ಲೆಕ್ಕದಲ್ಲಿ ಬಂದದ್ದು ಸರಿಯಾಗಿ 29,000, ಆದರೆ ಹಾಗೆ ಹೇಳಿದರೆ ಜನ ಸುಮ್ನೆ ಅಂದಾಜು ಹಾಕಿದ್ದಾರೆ ಅಂದುಕೊಳ್ಳುತ್ತಾರೆ ಅಂತ 2 ಅಡಿ ಸೇರಿಸಿದರು ಅನ್ನುತ್ತಾರೆ. 2020ರ ಡಿಸೆಂಬರ್‌ನಲ್ಲಿ ನೇಪಾಳ ಮತ್ತು ಚೀನಾ ಒಟ್ಟಿಗೆ ಘೋಷಿಸಿದ ಎತ್ತರ 8,848.86 ಮೀಟರ್, ಅಂದರೆ ಸುಮಾರು 29,032 ಅಡಿ. ಶಿಖರದ ಹತ್ತಿರಕ್ಕೂ ಹೋಗಲಾಗದೆ ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಬಯಲಿನಿಂದ ಕೋನ ಅಳೆದವರು 30 ಅಡಿಯಷ್ಟೇ ತಪ್ಪಿದ್ದರು. ನೆನೆದರೆ ರೋಮಾಂಚನವಾಗುತ್ತದೆ. ಅಂಥ ಕೆಲಸಕ್ಕೆ ಆ 2 ಅಡಿಯ ಅಲಂಕಾರ ಬೇಕಿರಲಿಲ್ಲ.

ಇವತ್ತು ಫೋನ್ ನಮ್ಮ ಜಾಗವನ್ನು ದಶಮಾಂಶದ ನಂತರ ಆರು ಏಳು ಅಂಕಿಗಳಲ್ಲಿ ಕೊಡುತ್ತದೆ. ಅಕ್ಷಾಂಶದ ಒಂದು ಡಿಗ್ರಿ ಅಂದರೆ ಸುಮಾರು 111 ಕಿಲೋಮೀಟರ್. ಹಾಗಾಗಿ ಆರನೇ ಅಂಕಿ ಅಂದರೆ 11 ಸೆಂಟಿಮೀಟರ್. ಬಯಲಲ್ಲಿ ನಿಂತರೂ ಮಾಮೂಲಿ ಫೋನಿನ ಜಿಪಿಎಸ್ ಕೆಲವು ಮೀಟರ್ ಆಚೀಚೆ ಇರುತ್ತದೆ. ಕೊನೆಯ ಅಂಕಿಗಳಿಗೆ ಅರ್ಥವೇ ಇಲ್ಲ. ಆದರೆ ಅದೇ ಫೋನಿನ ಮ್ಯಾಪ್ ತೆರೆದರೆ ನೀಲಿ ಚುಕ್ಕಿಯ ಸುತ್ತ ತೆಳು ನೀಲಿಯ ಒಂದು ವೃತ್ತ ಕಾಣುತ್ತದೆ. ನೀವು ಇದರೊಳಗೆ ಎಲ್ಲೋ ಇದ್ದೀರಿ ಅಂತ ಅದು ಹೇಳುತ್ತಿದೆ. ಕಟ್ಟಡಗಳ ನಡುವೆ ವೃತ್ತ ದೊಡ್ಡದಾಗುತ್ತದೆ. ನನಗೆ ಆ ವೃತ್ತ ತುಂಬ ಇಷ್ಟ. ಎಷ್ಟು ಗೊತ್ತಿದೆಯೋ ಅಷ್ಟನ್ನೇ ಹೇಳುತ್ತದೆ.

ಮಾತಿನಲ್ಲೂ ನಾವು ವಿವರಕ್ಕೆ ಮರುಳಾಗುತ್ತೇವೆ. ಮನಶ್ಶಾಸ್ತ್ರಜ್ಞರಾದ ಆಮೋಸ್ ಟ್ವರ್ಸ್ಕಿ ಮತ್ತು ಡೇನಿಯಲ್ ಕಾನ್‌ಮನ್ 1983ರಲ್ಲಿ ಇದನ್ನು ತೋರಿಸಿದರು. ಲಿಂಡಾ ಎಂಬ ಕಲ್ಪಿತ ಮಹಿಳೆಯ ವಿವರ ಕೊಟ್ಟು, ಆಕೆ ಬ್ಯಾಂಕ್ ಕ್ಯಾಷಿಯರ್ ಆಗಿರುವ ಸಾಧ್ಯತೆ ಹೆಚ್ಚೋ, ಬ್ಯಾಂಕ್ ಕ್ಯಾಷಿಯರ್ ಆಗಿದ್ದು ಜೊತೆಗೆ ಸ್ತ್ರೀವಾದಿ ಚಳವಳಿಯಲ್ಲೂ ಇರುವ ಸಾಧ್ಯತೆ ಹೆಚ್ಚೋ ಅಂತ ಕೇಳಿದರು. ಬಹುಪಾಲು ಜನ ಎರಡನೆಯದನ್ನೇ ಆರಿಸಿದರು. ಅದು ಸಾಧ್ಯವೇ ಇಲ್ಲ. ಎರಡೂ ನಿಜವಾಗುವ ಸಾಧ್ಯತೆ ಒಂದೇ ನಿಜವಾಗುವ ಸಾಧ್ಯತೆಗಿಂತ ಜಾಸ್ತಿ ಆಗಲಾರದು. ಹೇಳುವ ಪ್ರತಿಯೊಂದು ವಿವರವೂ ತಪ್ಪಾಗಲು ಇನ್ನೊಂದು ಅವಕಾಶ. ಆದರೆ ಕೇಳುವವರಿಗೆ ಅದು ಇನ್ನೊಂದು ಸಾಕ್ಷಿಯ ಹಾಗೆ ಕೇಳಿಸುತ್ತದೆ. ದಿನ, ಗಂಟೆ, ಅಂಗಿಯ ಬಣ್ಣ ಎಲ್ಲ ಸೇರಿಸಿ ಹೇಳಿದ ಸುಳ್ಳು ಸುದ್ದಿ ಯಾಕೆ ಅಷ್ಟು ಬೇಗ ಹರಡುತ್ತದೆ ಅಂತ ಇದರಿಂದ ಸ್ವಲ್ಪ ಅರ್ಥವಾಗುತ್ತದೆ.

ಇಷ್ಟೆಲ್ಲ ಓದಿ ಪ್ರಿಸಿಷನ್ ಅಂದರೆ ಮೋಸ ಅಂತ ತಿಳಿಯಬೇಡಿ. ಅದು ಅನ್ಯಾಯ. ಬರೀ ಪ್ರಿಸಿಷನ್ ಇದ್ದರೂ ಕೆಲವು ಸಲ ಅದೇ ನಮ್ಮನ್ನು ಕಾಪಾಡುತ್ತದೆ. ಇಂಗ್ಲೆಂಡಿನ ಜಾನ್ ಹ್ಯಾರಿಸನ್ ಹಡಗುಗಳಿಗಾಗಿ ಮಾಡಿದ ಎಚ್4 ಗಡಿಯಾರವನ್ನು ನೋಡಿ. ಸಮುದ್ರದ ನಡುವೆ ರೇಖಾಂಶ ಕಂಡುಹಿಡಿಯಬೇಕಾದರೆ, ಹಡಗು ಹೊರಟ ಬಂದರಿನಲ್ಲಿ ಈಗ ಎಷ್ಟು ಸಮಯ ಅಂತ ಗೊತ್ತಿರಬೇಕು. 1761ರಲ್ಲಿ ಆ ಗಡಿಯಾರ ಹಡಗು ಹತ್ತಿ ಜಮೈಕಾಗೆ ಹೊರಟಿತು. ಅದು ದಿನಕ್ಕೆ ಎರಡು ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ ಹಿಂದೆ ಬೀಳುತ್ತದೆ ಅಂತ ಮೊದಲೇ ನೋಡಿ ಇಟ್ಟುಕೊಂಡಿದ್ದರು. ಅದನ್ನು ಲೆಕ್ಕಕ್ಕೆ ಹಿಡಿದು ನೋಡಿದಾಗ ಎರಡು ತಿಂಗಳಿಗೂ ಹೆಚ್ಚಿನ ಪ್ರಯಾಣದ ಕೊನೆಗೆ ಉಳಿದ ತಪ್ಪು ಸುಮಾರು 5 ಸೆಕೆಂಡ್ ಮಾತ್ರ. ನಾವಿಕರಿಗೆ ಬೇಕಾಗಿದ್ದು ಯಾವಾಗಲೂ ಸರಿ ಸಮಯ ತೋರಿಸುವ ಗಡಿಯಾರ ಅಲ್ಲ. ಪ್ರತಿ ದಿನ ಅಷ್ಟೇ ತಪ್ಪುವ ಗಡಿಯಾರ ಸಾಕು. ತಪ್ಪು ಎಷ್ಟು ಅಂತ ಗೊತ್ತಿದ್ದರೆ ಕಳೆದುಬಿಡಬಹುದು. ಒಂದು ದಿನ ಮುಂದೆ, ಇನ್ನೊಂದು ದಿನ ಹಿಂದೆ ಓಡುವ ಗಡಿಯಾರದ ಸರಾಸರಿ ಎಷ್ಟೇ ಸರಿ ಇದ್ದರೂ ಅದನ್ನು ನಂಬಿ ಹಡಗು ನಡೆಸಲು ಆಗುವುದಿಲ್ಲ.

ಪದಗಳ ಅರ್ಥವೂ ಸ್ವಲ್ಪ ಜರುಗಿದೆ. 1994ರ ಐಎಸ್‌ಒ 5725 ಎಂಬ ಅಂತರರಾಷ್ಟ್ರೀಯ ಮಾನದಂಡದಲ್ಲಿ ಸರಾಸರಿ ನಿಜಕ್ಕೆ ಎಷ್ಟು ಹತ್ತಿರ ಅನ್ನುವುದನ್ನು ಟ್ರೂನೆಸ್ ಅಂತ ಕರೆದರು. ಅಕ್ಯುರಸಿ ಅನ್ನುವ ಪದಕ್ಕೆ ಟ್ರೂನೆಸ್ ಮತ್ತು ಪ್ರಿಸಿಷನ್ ಎರಡೂ ಸೇರಬೇಕು ಅಂದರು. ಅದರ ಪ್ರಕಾರ ಗುರಿಯ ಸುತ್ತ ಚದುರಿದ ಬಾಣಗಳನ್ನು ಅಕ್ಯುರೇಟ್ ಅನ್ನುವ ಹಾಗೇ ಇಲ್ಲ. ಹಳೆಯ ಅರ್ಥ ಇನ್ನೂ ಚೆನ್ನಾಗಿ ಬಳಕೆಯಲ್ಲಿದೆ, ಹಾಗಾಗಿ ಓದುವಾಗ ಬರೆದವರು ಯಾವ ಅರ್ಥ ಹಿಡಿದಿದ್ದಾರೆ ಅಂತ ನೋಡಿಕೊಳ್ಳಬೇಕು.

ಹಬಲ್ ಅನ್ನು ಉಳಿಸಿದ್ದೂ ಅದರ ಪ್ರಿಸಿಷನ್ನೇ. ಕನ್ನಡಿಯನ್ನು ಒರಟೊರಟಾಗಿ, ಒಂದೊಂದು ಕಡೆ ಒಂದೊಂದು ರೀತಿ ಉಜ್ಜಿದ್ದರೆ ಸರಿಪಡಿಸಲು ಏನೂ ಉಪಾಯ ಇರುತ್ತಿರಲಿಲ್ಲ. ಆದರೆ ತಪ್ಪು ಇಡೀ ಕನ್ನಡಿಗೆ ಒಂದೇ ನಿಯಮದಂತೆ ಹರಡಿತ್ತು. ಆ ನಿಯಮವನ್ನು ಲೆಕ್ಕ ಹಾಕಿ, ಅದಕ್ಕೆ ಸರಿಯಾಗಿ ತದ್ವಿರುದ್ಧವಾದ ತಪ್ಪನ್ನು ಸಣ್ಣ ಕನ್ನಡಿಗಳಲ್ಲಿ ಮಾಡಿದರು. 1993ರ ಡಿಸೆಂಬರ್‌ನಲ್ಲಿ ಗಗನಯಾತ್ರಿಗಳು ಹೋಗಿ ಹೊಸ ಕ್ಯಾಮೆರಾವನ್ನೂ ಕಾಸ್ಟಾರ್ ಎಂಬ ತಿದ್ದುಪಡಿ ಉಪಕರಣವನ್ನೂ ಕೂರಿಸಿದರು. ಚಿತ್ರಗಳು ಸ್ಪಷ್ಟವಾದವು. ಆಮೇಲೆ ಜೋಡಿಸಿದ ಉಪಕರಣಗಳಿಗೆಲ್ಲ ಈ ವಿರುದ್ಧದ ತಪ್ಪನ್ನು ಒಳಗೇ ಸೇರಿಸಿ ಕಟ್ಟಿದ್ದರಿಂದ 2009ರಲ್ಲಿ ಕಾಸ್ಟಾರ್ ಅನ್ನು ಬಿಚ್ಚಿ ಭೂಮಿಗೆ ತಂದರು. ದೊಡ್ಡ ಕನ್ನಡಿಯನ್ನು ಮಾತ್ರ ಯಾರೂ ಮುಟ್ಟಿಲ್ಲ. ಅದು 1981ರಲ್ಲಿ ಉಜ್ಜಿ ಮುಗಿಸಿದಾಗ ಎಷ್ಟು ತಪ್ಪಿತ್ತೋ ಈಗಲೂ ಅಷ್ಟೇ ತಪ್ಪಾಗಿದೆ, ಮತ್ತು ಆ ತಪ್ಪು ಎಷ್ಟು ಅಂತ ಈಗ ಎಲ್ಲರಿಗೂ ಗೊತ್ತಿದೆ.